ನಾಯಕ್ ಎಂದರೆ ಹುದ್ದೆಯೋ ಅಡ್ಡಹೆಸರೋ?

ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕು ಸೆರೆಯಲ್ಲೇ ತೀರಿಕೊಂಡ ಪ್ಯಾರಾಚೂಟ್ ಪಲ್ಟನ್ನಿನ ಹುಡುಗನ ದಾಖಲೆ ಹುಡುಕಲು ಕಾರವಾರ, ಹಳಿಯಾಳದ ಮನೆಯವರು ಹೊರಟರೆ ಮೊದಲು ಎಡವುವುದು ಹೆಸರಿನಲ್ಲೇ. ನಮ್ಮಲ್ಲಿ ನಾಯ್ಕ, ನಾಯಕ ಅಡ್ಡಹೆಸರು. ಪಲ್ಟನ್ನಿನಲ್ಲಿ ನಾಯಕ್ ಒಂದು ಹುದ್ದೆ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತಾರೆ. ಗುಮಾಸ್ತ ಒಂದನ್ನು ಬಿಟ್ಟಿದ್ದರೆ ಹೆಸರು ಹಾಕಿ ಹುಡುಕಿದ್ದೆಲ್ಲ ವ್ಯರ್ಥ. ಹಾಗಾಗಿ ಮೊದಲು ಬೇಕಾದದ್ದು ಸೇನೆ ಸೈನಿಕನಿಗೆ ಕೊಟ್ಟ ಸರ್ವಿಸ್ ನಂಬರು.

ನಂಬರು ಬಹಳ ಸಲ ಮನೆಯ ಟ್ರಂಕಿನಲ್ಲೇ, ಪದಕದ ಬೆನ್ನಿನ ಮೇಲೆ ಇರುತ್ತದೆ. ಬ್ರಿಟನ್ನಿನ ಸೈನಿಕರಿಗೆ ಕೊಟ್ಟ 1939-45 ಸ್ಟಾರ್, ಬರ್ಮಾ ಸ್ಟಾರ್‌ಗಳ ಬೆನ್ನು ಖಾಲಿ. ಭಾರತದವರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ನಂಬರು, ಹುದ್ದೆ, ಹೆಸರು ಒತ್ತಿರುತ್ತದೆ. ಪದಕವನ್ನು ಮಗುಚಿ ಇಟ್ಟು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರದ ನೆರಳು ಏಳುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅದು ದೇವರ ದೀಪವಲ್ಲ. ವರ್ಷ ವರ್ಷ ತಿಕ್ಕಿದರೆ ಮೊದಲು ಹೋಗುವುದೇ ಅಕ್ಷರ. ಕಡಲ ಉಪ್ಪುಗಾಳಿಗೆ ತಿಳಿಹಸಿರು ಪುಡಿ ಬರತೊಡಗಿದ್ದರೆ ಒಣಗಿದ ಮೆತ್ತನೆ ಬ್ರಷ್‌ನಿಂದ ಉದುರಿಸಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಕಾಗದಗಳನ್ನು ಲ್ಯಾಮಿನೇಟ್ ಮಾಡಿಸಲೇಬೇಡಿ. ಒಳಗೆ ಉಳಿದ ತೇವ ಅಲ್ಲೇ ಬೂಸ್ಟು ಹಿಡಿಯುತ್ತದೆ.

ಇನ್ನು ಪಲ್ಟನ್. 1941ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಕಟ್ಟಿದ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್‌ನ 152ನೇ ಬೆಟಾಲಿಯನ್‌ಗೆ ಬೇರೆ ಬೇರೆ ರೆಜಿಮೆಂಟಿನವರು ತಾವಾಗಿ ಹೆಸರು ಕೊಟ್ಟು ಸೇರಿದ್ದರು. ಆದ್ದರಿಂದ ಪ್ಯಾರಾ ಪಟ್ಟಿಯಲ್ಲಿ ಸಿಗದಿದ್ದರೆ ಮೂಲ ರೆಜಿಮೆಂಟಿನಲ್ಲೂ ನೋಡಿ. ಮರಾಠಾ ಲೈಟ್ ಇನ್‌ಫೆಂಟ್ರಿ ಆಗಿದ್ದರೆ ಅದರ ಕೇಂದ್ರ ಬೆಳಗಾವಿಯಲ್ಲೇ ಇದೆ. 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಈ ಬ್ರಿಗೇಡಿನವರು ಜಪಾನೀಯರೊಡನೆ ಹೋರಾಡಿದ್ದು ವಿಮಾನದಿಂದ ಜಿಗಿದಲ್ಲ, ಕಾಲಾಳುಗಳಾಗಿ. ಜಾಗ ಇಕ್ಕಟ್ಟಾಗಿದ್ದರಿಂದ ವಿಮಾನ ಹಾಕಿದ ನೀರು, ಮದ್ದುಗುಂಡುಗಳಲ್ಲಿ ಎಷ್ಟೋ ಪಾಲು ಜಪಾನೀಯರ ಕಡೆ ಬಿತ್ತು. 26ರ ರಾತ್ರಿ ಹಿಂದೆ ಸರಿಯುವಾಗ ನಡೆಯಲಾಗದ ಗಾಯಾಳುಗಳನ್ನು ಅಲ್ಲೇ ಬಿಡಬೇಕಾಯಿತು.

ಸೆರೆಯಾದವನು ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೆ ಕಾರ್ಡು ಬರೆಯಲು ಬಿಡಬೇಕೆಂದು 1929ರ ಜಿನೀವಾ ಒಪ್ಪಂದ ಹೇಳುತ್ತದೆ. ಜಪಾನ್ ಅದಕ್ಕೆ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ. ಕಾರ್ಡು ಬರಲಿಲ್ಲ ಎಂದ ಮಾತ್ರಕ್ಕೆ ಸೆರೆಸಿಕ್ಕಿರಲಿಲ್ಲ ಎನ್ನುವಂತಿಲ್ಲ. ಸೆರೆಸಿಕ್ಕವರೆಲ್ಲ ಆಜಾದ್ ಹಿಂದ್ ಫೌಜ್ ಸೇರಿದರು ಎಂಬ ಊರಮಾತೂ ಅಷ್ಟೇ ಪೊಳ್ಳು.

ಯುದ್ಧದಲ್ಲಿ ಮಡಿದವರ ಗೋರಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗಿನ ಸಾವುಗಳನ್ನು ಎರಡನೇ ಯುದ್ಧದ ಲೆಕ್ಕಕ್ಕೆ ಹಿಡಿಯುತ್ತದೆ. ಅದರ ಆನ್‌ಲೈನ್ ಪಟ್ಟಿಯಲ್ಲಿ ನಂಬರು ಹಾಕಿ ಹುಡುಕಬಹುದು. ಊರು ಹುಡುಕುವಾಗ ಮೈಸೂರು, ಮದ್ರಾಸು ಬಿಡಿ. 1862ರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ನಾರ್ತ್ ಕೆನರಾ ಎಂದೋ ಬರೀ ಕೆನರಾ ಎಂದೋ ಇರುತ್ತದೆ. ವಿಳಾಸದಲ್ಲಿ ಸೂಪಾ ಎಂದಿದ್ದರೆ ಆ ಊರು ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಇದೆ. ಮನೆತನದವರನ್ನು ಜೋಯಿಡಾ ತಾಲೂಕಿನ ರಾಮನಗರದ ಕಡೆ ವಿಚಾರಿಸಿ.

ಗೋರಿ ಸಿಗುವ ಆಸೆ ಬೇಡ. ಬರ್ಮಾದಲ್ಲಿ ಮಡಿದು ಗೋರಿ ಗೊತ್ತಿಲ್ಲದ ಸುಮಾರು 27,000 ಮಂದಿಯ ಹೆಸರು ರಂಗೂನ್ ಬಳಿಯ ತೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಂಬಗಳಲ್ಲಿದೆ. ದಹನವಾದವರಿಗೆ ಬೇರೆ ಸ್ಮಾರಕವಿದೆ, ಎರಡನ್ನೂ ನೋಡಿ.

ಸತ್ತ ದಿನದ ಎದುರು ಎಷ್ಟೋ ಸಲ ಒಂದು ತಾರೀಕಿನಿಂದ ಇನ್ನೊಂದರವರೆಗೆ ಎಂದಷ್ಟೇ ಇರುತ್ತದೆ. ಹಾಗಾದರೆ ತಿಥಿ ಯಾವತ್ತು? 1944ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಸಾಂಗ್‌ಶಾಕ್‌ನಿಂದ ಹಿಂದೆ ಸರಿದದ್ದು ಮರುದಿನ ರಾತ್ರಿ. ಆ ತಾರೀಕು ಹಿಡಿದು ತಿಥಿ ಮಾಡುವವರಿದ್ದಾರೆ, ಆದರೆ ಸೆರೆಯಲ್ಲಿ ಸತ್ತವನಿಗೆ ಅದು ಹೊಂದುವುದಿಲ್ಲ, ಅವನು ಆ ರಾತ್ರಿ ಬದುಕಿದ್ದ. ಗುಂಡಿನ ಗಾಯದಿಂದಲೇ ಹೋದನೆಂದು ದಾಖಲೆ ಇದ್ದರೆ ಪಿತೃಪಕ್ಷದ ಚತುರ್ದಶಿ, ಏನೂ ತಿಳಿಯದಿದ್ದರೆ ಮಹಾಲಯ ಅಮಾವಾಸ್ಯೆ.