ಎಡಗಡೆ ಬಲೂನೇ ಯಾಕೆ ಹೋಗುತ್ತಿತ್ತು: ಮೂರು ಭಾನುವಾರದ ಕೆಲಸ

ಮೊದಲ ಭಾನುವಾರ

ಮಾವನ ಟ್ರೇಲರ್ ಗಾಡಿ ಈಗೀಗ ದಿನಾ ಬೆಳಿಗ್ಗೆ ಎಡಕ್ಕೆ ವಾಲಿ ನಿಂತಿರುತ್ತದೆ. ಟ್ರೇಲರ್ ಎಳೆಯುವ ಅದರ ಎಂಜಿನ್ ಗಾಡಿಗೆ ಹಿಂದೆ ಪ್ಲೇಟ್ ಸೆಟ್ (ಕಬ್ಬಿಣದ ಪಟ್ಟಿಗಳ ಸ್ಪ್ರಿಂಗ್) ಇಲ್ಲ, ಏರ್ ಸಸ್ಪೆನ್ಷನ್. ಅಂದರೆ ಗಾಳಿ ತುಂಬಿದ ರಬ್ಬರ್ ಬಲೂನುಗಳೇ ಭಾರ ಹೊರುತ್ತವೆ. ಪೀಣ್ಯದಿಂದ ಮೆಷಿನ್ ಲೋಡು ಒಯ್ಯುತ್ತಾರೆ, ಕುಲುಕಾಟ ಕಡಿಮೆ ಇರಲಿ ಅಂತ ಇದನ್ನೇ ಹುಡುಕಿ ತಂದದ್ದು.

"ಬಲೂನ್ ಹೋಗಿದೆ ಕಣೋ, ಹೊಸದು ಹಾಕ್ಸಿಬಿಡೋಣ" ಅಂದರು ಮಾವ. ಆದರೆ ಎಂಟು ತಿಂಗಳ ಹಿಂದೆ ಹಾಕಿಸಿದ್ದೂ ಅದೇ ಎಡಗಡೆಯ ಬಲೂನ್. ಇಷ್ಟು ಬೇಗ ಮತ್ತೆ ಅದೇ ಹೋದರೆ ತಪ್ಪು ಬೇರೆಲ್ಲೋ ಇದೆ, ಅಲ್ವಾ? "ಎರಡು ವಾರ ಕೊಡಿ ಮಾವ, ನಾನು ನೋಡ್ತೀನಿ" ಅಂದೆ.

ಹೌಸಿಂಗ್‌ನಿಂದ (ಹಿಂದಿನ ಆಕ್ಸಲ್ ಕವಚ) ಚಾಸಿಯವರೆಗೆ ಟೇಪ್ ಹಿಡಿದೆ. ಬಲಕ್ಕೆ 23 ಸೆಂ.ಮೀ., ಎಡಕ್ಕೆ 15. ಎಂಜಿನ್ ಸ್ಟಾರ್ಟ್ ಮಾಡಿದೆ. ಮೊದಲು ಬ್ರೇಕ್ ಟ್ಯಾಂಕ್ ತುಂಬುತ್ತದೆ. ಅಲ್ಲಿ ಸುಮಾರು 6 ಬಾರ್ ಒತ್ತಡ ಬಂದ ಮೇಲೆಯೇ ಪ್ರೊಟೆಕ್ಷನ್ ವಾಲ್ವ್ ತೆರೆದು ಬಲೂನಿನ ಕಡೆ ಗಾಳಿ ಬಿಡುತ್ತದೆ. ಬಲೂನ್ ಒಡೆದರೂ ಬ್ರೇಕಿಗೆ ಗಾಳಿ ಉಳಿಯಲಿ ಅಂತ ಈ ಏರ್ಪಾಡು. ಹತ್ತು ನಿಮಿಷದಲ್ಲಿ ಎರಡೂ ಕಡೆ 23ಕ್ಕೆ ಬಂತು. ಅಂದರೆ ಗಾಳಿ ಸರಿಯಾಗಿ ತುಂಬುತ್ತಿದೆ, ರಾತ್ರಿಯೆಲ್ಲ ನಿಧಾನವಾಗಿ ಸೋರುತ್ತಿದೆ.

ಈ ಗಾಡಿಗೆ ಹಿಂದೆ ಎಡಕ್ಕೊಂದು, ಬಲಕ್ಕೊಂದು ಲೆವೆಲಿಂಗ್ ವಾಲ್ವ್. ಗಾಡಿಯ ಎತ್ತರಕ್ಕೆ ತಕ್ಕಂತೆ ಬಲೂನಿಗೆ ಗಾಳಿ ಬಿಡುವುದು, ತೆಗೆಯುವುದು ಇದರ ಕೆಲಸ. ಎರಡೂ ಕಡೆಗೆ ಒಂದೇ ವಾಲ್ವ್ ಇದ್ದಿದ್ದರೆ ಗಾಳಿ ಎರಡೂ ಕಡೆ ಸಮ ಹಂಚಿಕೆಯಾಗುತ್ತಿತ್ತು. ಅಂಥ ಗಾಡಿ ವಾಲಿದರೆ ಮೊದಲು ಆಕ್ಸಲ್ ಹಿಡಿದಿಡುವ ಬುಷ್, ರಾಡ್‌ಗಳ ಕಡೆ ನೋಡಬೇಕು. ಇಲ್ಲಿ ಎಡ, ಬಲ ಬೇರೆ ಬೇರೆ, ಹಾಗಾಗಿ ಸೋರಿಕೆ ಎಡಗಡೆಯಲ್ಲೇ ಹುಡುಕಬೇಕು.

ಎರಡನೇ ಭಾನುವಾರ

ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಸುಮ್ನೆ ನುಸುಳಬಾರದು. ಪೈಪ್ ಕಳಚಿದರೆ ಚಾಸಿ ಒಂದೇ ಏಟಿಗೆ ಕುಸಿಯುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಒಳಗೆ ಹೋದೆ.

ಮೊದಲು ಎಡಗಡೆ ವಾಲ್ವ್. ವಾಲ್ವಿನ ಲಿವರನ್ನು ಹೌಸಿಂಗಿಗೆ ಜೋಡಿಸುವ ಲಿಂಕ್ ಬಿಚ್ಚಿ ಲಿವರ್ ಮೇಲೆತ್ತಿದೆ, ಬಲೂನಿಗೆ ಗಾಳಿ ಹೋಯಿತು. ಕೆಳಗೆ ಒತ್ತಿದೆ, ಹೊರಗೆ ಬಂತು. ನಡುವೆ ಇಟ್ಟೆ, ಸದ್ದಿಲ್ಲ. ವಾಲ್ವ್ ಚೆನ್ನಾಗಿದೆ. ಪೈಪು, ಕನೆಕ್ಟರ್‌ಗಳಿಗೆಲ್ಲ ಸೋಪು ನೀರು ಹಚ್ಚಿದೆ, ಒಂದು ಗುಳ್ಳೆಯೂ ಇಲ್ಲ. ಬಲೂನಿನ ಮೇಲಂಚಿಗೆ ಹಚ್ಚಿದಾಗ ಸಿಕ್ಕಿತು. ಕಬ್ಬಿಣದ ಪ್ಲೇಟಿಗೆ ರಬ್ಬರ್ ಕೂಡುವಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು.

ಗಾಳಿ ಪೂರ್ತಿ ಇಳಿಸಿ ಬಲೂನ್ ಬಿಚ್ಚಿದೆ. ಆ ಮೇಲಿನ ಪ್ಲೇಟು ಬೋಲ್ಟಿನ ಸುತ್ತ ತಟ್ಟೆಯ ಹಾಗೆ ಗುಳಿ ಬಿದ್ದಿದೆ! ಇದು ರಬ್ಬರ್ ಹಳೆಯದಾಗಿ ಹೋದದ್ದಲ್ಲ. ಬಲೂನನ್ನು ಅಳತೆ ಮೀರಿ ಕೆಳಕ್ಕೆ ಎಳೆದಾಗ ಪ್ಲೇಟು ಹೀಗೆ ಬಾಗುತ್ತದೆ.

ಎಳೆದದ್ದು ಯಾರು? ಪಕ್ಕದಲ್ಲೇ ಉತ್ತರ ಇತ್ತು. ಎಡಗಡೆ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಕಣ್ಣು ಮುರಿದು ಜೋತಾಡುತ್ತಿತ್ತು. ಮಣ್ಣು, ಗ್ರೀಸ್ ಮೆತ್ತಿ ಮುರುಕು ಕಾಣುತ್ತಿರಲಿಲ್ಲ. ಗುಂಡಿಯಲ್ಲಿ ಚಕ್ರ ಕೆಳಗಿಳಿದಾಗ ಹೌಸಿಂಗ್ ಇಂತಿಷ್ಟೇ ಇಳಿಯಲಿ ಅಂತ ಹಿಡಿದುಕೊಳ್ಳುವುದು ಈ ಶಾಕ್. ಅದಿಲ್ಲದೆ ಆ ಎಳೆತವೆಲ್ಲ ಬಲೂನಿನ ಮೇಲೆ. ಹಿಂದಿನ ಸಲ ಬಲೂನ್ ಹಾಕಿದವರು ಇದನ್ನು ಒಂದು ಸಲ ಕೈಯಲ್ಲಿ ಅಲ್ಲಾಡಿಸಿ ನೋಡಬೇಕಿತ್ತು. ಮಾವನನ್ನು ಕರೆದು ತೋರಿಸಿದೆ. ಮುರಿದ ಕಣ್ಣನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

ಮೂರನೇ ಭಾನುವಾರ

ಹೊಸ ಬಲೂನ್ ಹಾಕಿದೆ. ಶಾಕ್ ಎರಡೂ ಕಡೆ ಬದಲಾಯಿಸಿದೆ, ಒಂದು ಹೊಸದು ಒಂದು ಹಳೆಯದು ಇಡಲು ಮನಸ್ಸಾಗಲಿಲ್ಲ. ಟ್ಯಾಂಕಿನ ಡ್ರೈನ್ ತೆರೆದರೆ ಕಂದು ನೀರು ಬಂತು. ಏರ್ ಡ್ರೈಯರ್ ತೇವ ಹಿಡಿಯುವುದನ್ನು ಬಿಟ್ಟಿದೆ. ಆ ನೀರು ವಾಲ್ವಿಗೆ ಹೋದರೆ ಮುಂದಿನ ಸಲ ವಾಲ್ವ್ ಕೆಡುತ್ತದೆ. ಹಾಗಾಗಿ ಡ್ರೈಯರಿನ ಕಾರ್ಟ್ರಿಜ್ ಕೂಡ ಹೊಸದು.

ಲಿಂಕ್ ಹೊಂದಿಸಿ ಎತ್ತರ 23ಕ್ಕೇ ತಂದೆ. ಜಾಸ್ತಿ ಎತ್ತರಿಸಿದರೆ ನೋಡಲು ಚಂದ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಎಂಜಿನ್ ಕಡೆಯಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿ ಗಾಡಿ ನಡುಗುತ್ತದೆ, ಬಲೂನಿಗೂ ಎಳೆತ ಜಾಸ್ತಿ.

ಸೋಮವಾರ ಬೆಳಿಗ್ಗೆ ಆರಕ್ಕೆ ಮಾವನೇ ಟೇಪ್ ಹಿಡಿದರು. ಬಲಕ್ಕೆ 23, ಎಡಕ್ಕೆ 22.5. ಬಲಗಡೆ ಲಿಂಕಿನ ರಬ್ಬರ್ ಬುಷ್ ಸ್ವಲ್ಪ ಸಡಿಲ ಇದೆ, ಅದು ಮುಂದಿನ ಭಾನುವಾರಕ್ಕೆ.