ಮೂರು ಡ್ಯಾಕ್, ಒಂದು ವೀಣೆ: ಕ್ಯಾತ್ಸಂದ್ರದ ಒಂದು ತಿಂಗಳು

ಮೊದಲ ವಾರ

ಮೇಜಿನ ಮೇಲೆ ಈಗ ಮೂರು ಡ್ಯಾಕ್ ಇವೆ, ಅಂದರೆ ಹಾಡಿನ ಡಿಜಿಟಲ್ ಅಂಕಿಗಳನ್ನು ಕೇಳುವಂಥ ಸದ್ದಿನ ಸಿಗ್ನಲ್ ಆಗಿ ಬದಲಿಸುವ ಸಾಧನಗಳು. ಒಂದು ಟಿಡಿಎ1543 ಚಿಪ್ ಇರುವ ಹಳೇ ಬೋರ್ಡ್. ಕಡಿಮೆ ಬೆಲೆಯ ಸಿಡಿ ಪ್ಲೇಯರ್‌ಗಳಿಗೆಂದು ಫಿಲಿಪ್ಸ್ ಮಾಡಿದ 16 ಬಿಟ್ ಚಿಪ್ ಅದು. ಇನ್ನೊಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಕೂರುವ ಪಿಸಿಎಂ5102 ಚಿಪ್ಪಿನ ಬೋರ್ಡ್. ಮೂರನೆಯದು ಇಎಸ್‌ಎಸ್ ಸೇಬರ್ ಚಿಪ್ಪಿನ ಡಬ್ಬಿ. ಗೆಳೆಯ ಒಂದು ತಿಂಗಳಿಗೆ ಕೊಟ್ಟಿದ್ದಾನೆ.

ಮೊದಲ ರಾತ್ರಿ ಸುಮ್ನೆ ಕೂತು ಕೇಳಿದೆ. ಪಿಸಿಎಂ ಬೋರ್ಡ್ ತುಂಬಾ ಚುರುಕು ಅನ್ನಿಸಿತು. ಸೇಬರ್ ಸ್ವಲ್ಪ ಸಪ್ಪೆ. ಹಳೇ ಬೋರ್ಡ್‌ನಲ್ಲಿ ವೀಣೆ ಮೆತ್ತಗೆ, ಹತ್ತಿರದಲ್ಲೇ ನುಡಿಸಿದ ಹಾಗೆ. ಇಷ್ಟನ್ನೇ ಬರೆದು ಮುಗಿಸಬಹುದಿತ್ತು. ಆದರೆ ಮೂರರ ಸದ್ದಿನ ಮಟ್ಟ ಒಂದೇ ಇದೆಯಾ ಅಂತ ನೋಡಿಯೇ ಇರಲಿಲ್ಲ.

ಎರಡನೇ ವಾರ

ಮಲ್ಟಿಮೀಟರ್ ತೆಗೆದೆ. ಸಾದಾ ಮೀಟರ್‌ಗಳು ಎತ್ತರದ ಸ್ವರದಲ್ಲಿ ತಪ್ಪು ಅಳತೆ ತೋರಿಸುತ್ತವೆ. ಹಾಗಾಗಿ 200 ಹರ್ಟ್ಸ್‌ನ ಒಂದೇ ಸ್ವರ ಹಾಕಿ, ಆರ್‌ಸಿಎ ವೈರಿನ ತುದಿಯಲ್ಲಿ ಎಸಿ ವೋಲ್ಟ್ ನೋಡಿದೆ. ಪಿಸಿಎಂ 2.10, ಸೇಬರ್ 1.98, ಹಳೇ ಬೋರ್ಡ್ 1.62.

2.10ಕ್ಕೂ 1.98ಕ್ಕೂ ಇರುವ ವ್ಯತ್ಯಾಸ ಅರ್ಧ ಡೆಸಿಬಲ್ (ಸದ್ದಿನ ಮಟ್ಟದ ಅಳತೆ). ಅಷ್ಟು ಕಡಿಮೆ ಏರುಪೇರು 'ಸದ್ದು ಜಾಸ್ತಿ' ಅಂತ ಕಿವಿಗೆ ಬೀಳುವುದಿಲ್ಲ. 'ಇದು ಚೆನ್ನಾಗಿದೆ, ಚುರುಕಾಗಿದೆ' ಅಂತಲೇ ಬೀಳುತ್ತದೆ. ಡ್ಯಾಕ್ ಹೋಲಿಸುವವರು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಸದ್ದಿನ ಮಟ್ಟ ಒಂದೇ ಮಾಡುವುದು. ಮೀಟರ್ ಇಲ್ಲದೆ ಕೇಳಿ ಹೇಳಿದ ತೀರ್ಪನ್ನು ನಾನಿನ್ನು ನಂಬುವುದಿಲ್ಲ, ನನ್ನದನ್ನೂ ಸೇರಿಸಿ.

ಜೋರಾದ ಎರಡನ್ನೂ ಪ್ಲೇಯರ್‌ನಲ್ಲೇ ಇಳಿಸಿ 1.62ಕ್ಕೆ ತಂದೆ. ಮೂರೂ 0.01 ವೋಲ್ಟ್ ಒಳಗೆ ಕೂತವು. ಆಮೇಲೆ ಮೂರು ದಾರಿಯ ರೋಟರಿ ಸ್ವಿಚ್ಚನ್ನು ಒಂದು ಹಳೇ ಬಿಸ್ಕತ್ ಡಬ್ಬಿಗೆ ಹಾಕಿ ಬೆಸುಗೆ ಮಾಡಿದೆ. ಎಡ, ಬಲ ಎರಡೂ ಒಟ್ಟಿಗೆ ತಿರುಗುವ ಸ್ವಿಚ್ಚೇ ಬೇಕು.

ಎರಡನೇ ವಾರದ ಕೊನೆ

ಕೆಲಸ ನಿಂತಿತು. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆ, ತೆಗೆದರೆ ಇಲ್ಲ. ವೀಣೆಯ ಎರಡು ಮೀಟುಗಳ ನಡುವಿನ ಮೌನದಲ್ಲಿ ಆ ಸದ್ದು ಬಂದು ಕೂರುತ್ತದೆ, ಗಮಕದ ಬಾಲವೇ ಕೇಳಿಸುವುದಿಲ್ಲ. ಎರಡು ಸಂಜೆ ವೈರ್ ಬದಲಿಸುವುದರಲ್ಲೇ ಹೋಯಿತು.

ಕೊನೆಗೆ ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ ಮೀಟರ್ ಹಿಡಿದೆ. 11 ವೋಲ್ಟ್! ಹಿತ್ತಲಿನ ಅರ್ಥಿಂಗ್ ಗುಂಡಿ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಉಪ್ಪು, ಇದ್ದಿಲು ಹಾಕಿದ ಗುಂಡಿಗೆ ತೇವ ಇದ್ದರೇ ಕೆಲಸ. ನಾಲ್ಕು ಬಿಂದಿಗೆ ನೀರು ಹೊಯ್ದು ಮಾರನೇ ದಿನ ನೋಡಿದರೆ 2 ವೋಲ್ಟ್. ಆಂಪ್, ಲ್ಯಾಪ್‌ಟಾಪ್, ಪೈ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿದೆ. ಗುಂಯ್ ಪೂರ್ತಿ ಹೋಯಿತು. ಈ ತಿಂಗಳಲ್ಲಿ ನಮ್ಮ ಮನೆಯ ಸದ್ದಿಗೆ ಆದ ದೊಡ್ಡ ಸುಧಾರಣೆ ಆ ನೀರಿನಿಂದಲೇ.

ಮೂರನೇ ವಾರ

ಈಗ ನಿಜವಾದ ಪರೀಕ್ಷೆ. ಹೆದ್ದಾರಿಯ ಲಾರಿ ಸದ್ದು ತಗ್ಗಲಿ ಅಂತ ರಾತ್ರಿ ಹತ್ತೂವರೆ ಮೇಲೆ ಕೂತೆವು. ಸ್ವಿಚ್ ಮಗಳ ಕೈಯಲ್ಲಿ, ನನ್ನ ಬೆನ್ನ ಹಿಂದೆ. ನಾಣ್ಯ ಚಿಮ್ಮಿ ಯಾವುದು ಅಂತ ಅವಳೇ ಆರಿಸಬೇಕು. ಎರಡು ಡ್ಯಾಕ್‌ಗಳು ಹಾಡನ್ನು ಒಂದೇ ಕ್ಷಣಕ್ಕೆ ಹೊರಗೆ ಬಿಡುವುದಿಲ್ಲ. ನಡುವೆ ಸ್ವಿಚ್ ತಿರುಗಿಸಿದರೆ ಆ ಜಿಗಿತದಲ್ಲೇ ಗುಟ್ಟು ರಟ್ಟು. ಅದಕ್ಕೇ ಪ್ರತಿ ಸಲವೂ ಅದೇ 20 ಸೆಕೆಂಡಿನ ತುಣುಕನ್ನು ಮೊದಲಿಂದ ಹಾಕುತ್ತಿದ್ದಳು. "ಅಪ್ಪಾ, ಈಗ ಹೇಳು."

ಪಿಸಿಎಂ, ಸೇಬರ್ ನಡುವೆ 16ರಲ್ಲಿ 9 ಸರಿ. ಕಣ್ಣು ಮುಚ್ಚಿ ಊಹಿಸಿದರೂ ಸುಮಾರು 8 ಸಿಗುತ್ತದೆ, ಅಲ್ವಾ. 12 ಮುಟ್ಟಿದರೆ ಮಾತ್ರ ಏನೋ ಇದೆ ಅನ್ನಬಹುದು. ಮೊದಲ ರಾತ್ರಿಯ ಆ 'ಚುರುಕು' ಮಟ್ಟ ಸರಿ ಮಾಡಿದ ಕೂಡಲೇ ಮಾಯ.

ಹಳೇ ಬೋರ್ಡ್, ಸೇಬರ್ ನಡುವೆ 16ರಲ್ಲಿ 14! ನಾಗಸ್ವರದ ಜೊತೆ ಬರುವ ತಾಳ ಹಿಡಿದುಕೊಟ್ಟಿತು. ಸೇಬರ್‌ನಲ್ಲಿ ತಾಳ ತಗುಲಿದ ಮೇಲೆ ಸಣ್ಣ ಮಿನುಗು ಗಾಳಿಯಲ್ಲಿ ಉಳಿಯುತ್ತದೆ. ಹಳೇದರಲ್ಲಿ ಆ ಮಿನುಗಿನ ಮೇಲೆ ಯಾರೋ ತೆಳು ಪಂಚೆ ಹೊದಿಸಿದ ಹಾಗೆ.

ಕಾರಣ ಆ ಬೋರ್ಡ್ ಓವರ್‌ಸ್ಯಾಂಪ್ಲಿಂಗ್ (ಅಳತೆಗಳ ನಡುವೆ ಇನ್ನಷ್ಟು ಅಳತೆಗಳನ್ನು ಲೆಕ್ಕಹಾಕಿ ತುಂಬುವುದು) ಮಾಡದೇ ಇರುವುದು. ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆ. ಒಂದೊಂದನ್ನೂ ಮುಂದಿನದು ಬರುವ ತನಕ ಮೆಟ್ಟಿಲಿನಂತೆ ಹಾಗೇ ಹಿಡಿದಿಟ್ಟರೆ ಎತ್ತರದ ಸ್ವರಗಳು ತಾವಾಗೇ ಇಳಿಯುತ್ತವೆ. 10,000 ಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬಲ್, 20,000ದಲ್ಲಿ ಸುಮಾರು 3.2.

ನಾಲ್ಕನೇ ವಾರ

ಅದೇ ಇಳಿತವನ್ನು ಈಕ್ವಲೈಸರ್‌ನಲ್ಲಿ (ಎತ್ತರ, ತಗ್ಗಿನ ಸ್ವರಗಳ ಮಟ್ಟವನ್ನು ಬೇಕಾದಂತೆ ಏರಿಸಿ ಇಳಿಸುವ ಸೌಲಭ್ಯ) ಹಾಕಿ ಸೇಬರ್‌ಗೆ ಕೊಟ್ಟೆ. ಮತ್ತೆ ಮಗಳು, ಮತ್ತೆ ನಾಣ್ಯ. ಈ ಸಲ ಹಳೇ ಬೋರ್ಡ್, ಸೇಬರ್ ನಡುವೆ 16ರಲ್ಲಿ 10. ಚಿಪ್ಪಿನ ಗುಣ ಅಂತ ನಾನು ಇಷ್ಟಪಟ್ಟ ಆ ಮೆತ್ತನೆಯ ಬಹುಪಾಲು ಈ ಇಳಿತದ್ದೇ ಅಂತ ನನಗೆ ಅನ್ನಿಸುತ್ತಿದೆ. ಇನ್ನೂ ಎರಡು ಸುತ್ತು ಕೇಳಬೇಕಿತ್ತು.

ಸೇಬರ್ ಡಬ್ಬಿಯನ್ನು ಭಾನುವಾರ ಗೆಳೆಯನಿಗೆ ವಾಪಸ್ ಕೊಟ್ಟೆ. ದಿನದ ಕೇಳಿಕೆಗೆ ಪಿಸಿಎಂ ಇರುತ್ತದೆ. ಮೆತ್ತಗೆ ಬೇಕಾದ ಹಳೇ ಚೂಪು ರೆಕಾರ್ಡಿಂಗ್‌ಗಳಿಗೆಂದು ಈಕ್ವಲೈಸರ್‌ನಲ್ಲಿ ಒಂದು ಗುಂಡಿ ಮಾಡಿಟ್ಟಿದ್ದೇನೆ. ಮುಂದಿನ ವಾರ ಸ್ಪೀಕರ್‌ಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದು, ಮೃದಂಗದ ತೊಪ್ಪಿ (ಎಡಗಡೆಯ ದಪ್ಪ ಸದ್ದು) ಏನಾಗುತ್ತದೆ ಅಂತ ನೋಡುತ್ತೇನೆ.