ಹೋದ ವರ್ಷದ ಸೂಚನೆ, ಈ ವರ್ಷದ ಫೇಲು

ವಾರ್ಷಿಕ ತಪಾಸಣೆಗೆ ತಂದ ನಮ್ಮ ಕಾರನ್ನು ಲಿಫ್ಟಿನ ಮೇಲೆ ಎತ್ತಿ ನಿಲ್ಲಿಸಿದ್ದ ಪರೀಕ್ಷಕರು ನನ್ನನ್ನು ಹತ್ತಿರ ಕರೆದು, ಎಡಗಡೆಯ ಮುಂದಿನ ಚಕ್ರದ ಒಳಮೈಗೆ ಟಾರ್ಚ್ ಬಿಟ್ಟರು. ಹೊರಗಿನಿಂದ ನೋಡಿದರೆ ಆ ಟಯರು ಇನ್ನೂ ಒಂದು ವರ್ಷ ಬಾಳುವಂತಿತ್ತು. ಒಳಅಂಚಿನಲ್ಲಿ ಮಾತ್ರ ರಬ್ಬರು ಪೂರ್ತಿ ಸವೆದು, ಎರಡು ಬೆರಳಗಲದಷ್ಟು ಜಾಗದಲ್ಲಿ ಸಣ್ಣ ತಂತಿಗಳು ಹೊಳೆಯುತ್ತಿದ್ದವು. ಹಿಂದಿನ ದಿನವಷ್ಟೇ ಅದೇ ಟಯರಿನ ಮೇಲೆ, ಮಕ್ಕಳಿಬ್ಬರನ್ನು ಹಿಂದೆ ಕೂರಿಸಿಕೊಂಡು, ಮೋಟಾರ್‌ವೇಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಇಂಗ್ಲೆಂಡಿನ ರೆಡಿಂಗಿಗೆ ಮರಳಿದ್ದೆವು. ಹಾಳೆಯ ಮೇಲೆ ಅವರು ಬರೆದ ಪದ ‘ಡೇಂಜರಸ್’. ಆ ಪದ ಬಿದ್ದ ಮೇಲೆ, ಹಳೆಯ ಸರ್ಟಿಫಿಕೇಟಿನ ಅವಧಿ ಉಳಿದಿದ್ದರೂ, ದುರಸ್ತಿಯಾಗುವವರೆಗೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ.

ಕರ್ನಾಟಕದಲ್ಲಿ ಕಾರು ಓಡಿಸಿ ಬಂದವರಿಗೆ ಈ ವಾರ್ಷಿಕ ಪರೀಕ್ಷೆಯ ರೂಢಿ ಇರುವುದಿಲ್ಲ. ಅಲ್ಲಿ ಎಫ್‌ಸಿ ಎಂದರೆ ಟ್ಯಾಕ್ಸಿ, ಲಾರಿಗಳ ಮಾತು. ಮನೆಯ ಕಾರಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ, ಆಮೇಲೆ ಆರ್‌ಟಿಒಗೆ ಒಯ್ದು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುತ್ತೇವೆ, ಅಷ್ಟರವರೆಗೆ ಹೊಗೆ ತಪಾಸಣೆಯ ಚೀಟಿ ಮತ್ತು ವಿಮೆ ಇದ್ದರೆ ಸಾಕು. ಬ್ರಿಟನ್ನಿನಲ್ಲಿ ಹಾಗಲ್ಲ. ಇಲ್ಲಿನ ಎಂಒಟಿ ಎಂಬ ವಾಹನ ಸುರಕ್ಷತಾ ಪರೀಕ್ಷೆ 1960ರಲ್ಲಿ ಶುರುವಾದಾಗ ಹತ್ತು ವರ್ಷ ದಾಟಿದ ವಾಹನಗಳಿಗಷ್ಟೇ ಅನ್ವಯಿಸುತ್ತಿತ್ತು. 1967ರಿಂದ ಅದು ಮೂರು ವರ್ಷಕ್ಕೆ ಇಳಿದಿದೆ. ಮೂರು ವರ್ಷ ತುಂಬಿದ ಕಾರು ಅಲ್ಲಿಂದ ಮುಂದೆ ಪ್ರತಿವರ್ಷವೂ ಪರೀಕ್ಷೆಗೆ ಒಳಪಡಬೇಕು, ಉತ್ತರ ಐರ್ಲೆಂಡಿನಲ್ಲಿ ನಾಲ್ಕು ವರ್ಷದ ನಂತರ. 2018ರ ಮೇ ತಿಂಗಳಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಎಂದು ವಿಂಗಡಿಸುತ್ತಾರೆ. ಮೊದಲ ಎರಡರಲ್ಲಿ ಒಂದು ಕಂಡರೂ ಕಾರು ಫೇಲು. ಮೈನರ್ ಇದ್ದರೆ ಪಾಸಾಗುತ್ತದೆ, ಆದರೆ ಬೇಗ ಸರಿಪಡಿಸಬೇಕು. ಇವುಗಳ ಜೊತೆಗೆ, ಇನ್ನೂ ದೋಷವಾಗಿಲ್ಲದಿದ್ದರೂ ಮುಂದೆ ಆಗಬಹುದಾದ ಸಂಗತಿಗಳನ್ನು ‘ಅಡ್ವೈಸರಿ’ ಎಂಬ ಶೀರ್ಷಿಕೆಯ ಕೆಳಗೆ ಬರೆಯುತ್ತಾರೆ. ನನ್ನ ತಪ್ಪೆಲ್ಲ ಈ ಕೊನೆಯ ಶೀರ್ಷಿಕೆಯನ್ನು ಲಘುವಾಗಿ ತೆಗೆದುಕೊಂಡದ್ದರಲ್ಲಿತ್ತು.

ಟಯರಿನ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ಕಣ್ಣು ಮೋಸಹೋಗುವುದು ಬಹಳ ಸುಲಭ. ಟಯರಿನ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಕನಿಷ್ಠ 1.6 ಮಿಲಿಮೀಟರ್ ಆಳದ ತೋಡುಗಳು ಉಳಿದಿರಬೇಕೆಂಬುದು ಕಾನೂನು. ಅಳೆಯಲು ಉಪಕರಣ ಬೇಕಿಲ್ಲ. 20 ಪೆನ್ಸ್ ನಾಣ್ಯವನ್ನು ತೋಡಿನೊಳಗೆ ನೆಟ್ಟಗೆ ತೂರಿಸಿದಾಗ ಅದರ ಹೊರಸುತ್ತಿನ ಪಟ್ಟಿ ಕಾಣದೆ ಮುಳುಗಿದರೆ ಟಯರು ಮಿತಿಯೊಳಗಿದೆ ಎಂದರ್ಥ. ಆದರೆ ನಾಣ್ಯವನ್ನು ಒಂದೇ ಕಡೆ ಇಟ್ಟು ನೋಡಿದರೆ ಪ್ರಯೋಜನವಿಲ್ಲ. ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ ಜೋಡಣೆ, ತಪ್ಪಿದ ಕಾರಿನಲ್ಲಿ ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ, ಒಂದು ದೊಡ್ಡ ಗುಂಡಿಗೆ ಬಿದ್ದು ಎದ್ದರೆ ಅಲೈನ್‌ಮೆಂಟ್ ತಪ್ಪಲು ಅಷ್ಟೇ ಸಾಕು. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಲ್ಲಿಸಿದರೆ ಮುಂದಿನ ಚಕ್ರದ ಒಳಅಂಚು ಕಣ್ಣಿಗೆ ಬೀಳುತ್ತದೆ, ಕೈಯಾಡಿಸದೆ ಬರಿಯ ಟಾರ್ಚಿನಲ್ಲಿ ನೋಡಬಹುದು. ಇದಕ್ಕೆ ಎರಡು ನಿಮಿಷವೂ ಬೇಡ. ಆ ಎರಡು ನಿಮಿಷವನ್ನು ನಾನು ಒಂದು ವರ್ಷದಲ್ಲಿ ಒಮ್ಮೆಯೂ ಕೊಟ್ಟಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ದೀಪಗಳಿಂದಾಗಿ ಫೇಲಾಗುವ ಕಾರುಗಳೂ ಬಹಳ. ಹೆಡ್‌ಲೈಟಿನ ಒಂದು ಬಲ್ಬು, ಇಂಡಿಕೇಟರ್, ಬ್ರೇಕ್ ಲೈಟು, ನಂಬರ್ ಪ್ಲೇಟಿನ ಮೇಲಿನ ಪುಟ್ಟ ದೀಪ, ಇವುಗಳಲ್ಲಿ ಯಾವುದೋ ಒಂದು ಆರಿಹೋಗಿರುತ್ತದೆ, ಓಡಿಸುವವರಿಗೆ ಒಳಗೆ ಕುಳಿತಲ್ಲಿಂದ ಅದು ಕಾಣುವುದಿಲ್ಲ. ಮನೆಯಲ್ಲಿ ಇನ್ನೊಬ್ಬರು ಪೆಡಲ್ ಒತ್ತಿದರೆ ನಾವು ಹಿಂದೆ ನಿಂತು ನೋಡಬಹುದು. ಒಬ್ಬರೇ ಇದ್ದರೆ ಸಂಜೆಗತ್ತಲಲ್ಲಿ ಕಾರನ್ನು ಗೋಡೆಯ ಹತ್ತಿರಕ್ಕೆ ಹಿಂದಕ್ಕೆ ತಂದು ಬ್ರೇಕ್ ಒತ್ತಿದರೆ ಗೋಡೆಯ ಮೇಲಿನ ಕೆಂಪು ಬೆಳಕೇ ಎಲ್ಲವನ್ನೂ ಹೇಳುತ್ತದೆ. ಬಲ್ಬು ಸರಿಯಿದ್ದೂ ಹೆಡ್‌ಲೈಟಿನ ಬೆಳಕು ಮೇಲಕ್ಕೋ ಪಕ್ಕಕ್ಕೋ ಬೀಳುತ್ತಿದ್ದರೆ ಅದು ಕೂಡ ದೋಷವೇ, ಆದರೆ ಅದನ್ನು ಅಳೆಯುವ ಯಂತ್ರ ಗ್ಯಾರೇಜಿನಲ್ಲಿರುತ್ತದೆ, ನಮ್ಮಲ್ಲಿ ಅಲ್ಲ.

ಮುಂದಿನ ಗಾಜಿನ ನಿಯಮ ನಮ್ಮವರು ವಿಶೇಷವಾಗಿ ತಿಳಿಯಬೇಕಾದದ್ದು. ಸ್ಟಿಯರಿಂಗಿನ ನೇರಕ್ಕೆ 290 ಮಿಲಿಮೀಟರ್ ಅಗಲದ, ವೈಪರ್ ಒರೆಸುವ ಪಟ್ಟಿಯೊಂದನ್ನು ಮುಖ್ಯ ಎಂದು ಗುರುತಿಸಿದ್ದಾರೆ. ಆ ಪಟ್ಟಿಯೊಳಗೆ 10 ಮಿಲಿಮೀಟರಿಗಿಂತ ದೊಡ್ಡ ಹಾನಿ, ವೈಪರ್ ಒರೆಸುವ ಉಳಿದ ಭಾಗದಲ್ಲಿ 40 ಮಿಲಿಮೀಟರಿಗಿಂತ ದೊಡ್ಡ ಹಾನಿ ನೋಟಕ್ಕೆ ಅಡ್ಡಿಯಾಗುವಂತಿದ್ದರೆ ಕಾರು ಫೇಲಾಗಬಹುದು. ಚಕ್ಕೆ ಎದ್ದ ಗಾಜಿಗಷ್ಟೇ ಇದು ಸೀಮಿತವಲ್ಲ, ನೋಟಕ್ಕೆ ಅಡ್ಡಬರುವ ಸ್ಟಿಕ್ಕರ್ ಮತ್ತು ತೂಗುವ ವಸ್ತುಗಳೂ ಲೆಕ್ಕಕ್ಕೆ ಬರುತ್ತವೆ. ನಮ್ಮ ಕಾರಿನ ಕನ್ನಡಿಗೆ ಅತ್ತೆಯವರು ಊರಿನಿಂದ ತಂದು ಕಟ್ಟಿದ ಜಪಮಾಲೆ ತೂಗುತ್ತಿತ್ತು. ಅದನ್ನು ಬಿಚ್ಚಿ ಗ್ಲೋವ್ ಬಾಕ್ಸಿನಲ್ಲಿಡಲು ಮನಸ್ಸಿಗೆ ಕಸಿವಿಸಿಯಾದರೂ, ಡ್ಯಾಶ್‌ಬೋರ್ಡಿನ ಮೇಲೆ ನೋಟಕ್ಕೆ ಅಡ್ಡವಾಗದಂತೆ ಕೂರಿಸಿದ ಬೆರಳುದ್ದದ ಗಣಪತಿ ಹಾಗೆಯೇ ಉಳಿದಿದ್ದಾನೆ. ವೈಪರಿನ ರಬ್ಬರು ಹರಿದು ಗಾಜನ್ನು ಸರಿಯಾಗಿ ಒರೆಸದಿದ್ದರೆ ಫೇಲು, ಗಾಜು ತೊಳೆಯುವ ನೀರಿನ ಟ್ಯಾಂಕು ಬರಿದಾಗಿದ್ದರೂ ಫೇಲು. ಕೆಲವು ಪೌಂಡಿನ ದ್ರವ ತುಂಬಿಸಲು ಮರೆತು ಪರೀಕ್ಷೆ ಕಳೆದುಕೊಳ್ಳುವುದು ನಿಜಕ್ಕೂ ಬೇಸರದ ವಿಷಯ.

ಮನೆಯಲ್ಲಿ ನೋಡಲಾಗದ ದೋಷಗಳು ಕಾರಿನ ಕೆಳಗಿರುತ್ತವೆ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಸುರಿಯುವ ಉಪ್ಪು ಬ್ರೇಕಿನ ಲೋಹದ ಪೈಪುಗಳನ್ನೂ ಚಾಸಿಯನ್ನೂ ತಿನ್ನುತ್ತದೆ. ಸಸ್ಪೆನ್ಷನ್ ಅಥವಾ ಸೀಟ್ ಬೆಲ್ಟ್ ಬಿಗಿದಿರುವ ಜಾಗದಿಂದ 30 ಸೆಂಟಿಮೀಟರಿನೊಳಗೆ ಲೋಹ ತುಕ್ಕು ಹಿಡಿದು ಬಲಹೀನವಾಗಿದ್ದರೆ ಕಾರು ಪಾಸಾಗುವುದಿಲ್ಲ. ಮುಂದಿನ ಸ್ಪ್ರಿಂಗಿನ ಕೊನೆಯ ಸುತ್ತು ಮುರಿದಿರುವುದು ಮತ್ತೊಂದು ಸಾಮಾನ್ಯ ದೋಷ; ಅದು ಸ್ಪ್ರಿಂಗ್ ಕೂರುವ ಬಟ್ಟಲಿನೊಳಗೆ ಮುಚ್ಚಿಹೋಗಿರುವುದರಿಂದ ಹೊರಗೆ ಕಾಣದು, ಆದರೆ ರಸ್ತೆಯ ಉಬ್ಬಿನ ಮೇಲೆ ಹತ್ತಿಳಿಯುವಾಗ ‘ಟಕ್’ ಎಂಬ ಸದ್ದು ಕೇಳಿಸಿದರೆ ಅದನ್ನು ರಸ್ತೆಯ ಸದ್ದೆಂದು ತಳ್ಳಿಹಾಕಬಾರದು. ಬ್ರೇಕನ್ನು ರೋಲರುಗಳ ಮೇಲೆ ಚಕ್ರ ನಿಲ್ಲಿಸಿ ಅಳೆಯುತ್ತಾರೆ. ಎಡಬಲಗಳ ಹಿಡಿತದಲ್ಲಿ ಹೆಚ್ಚು ವ್ಯತ್ಯಾಸ ಬಂದರೂ ಫೇಲು.

ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಅಥವಾ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯುತ್ತಲೇ ಇದ್ದರೆ ಪರೀಕ್ಷೆಗೆ ಒಯ್ಯುವುದೇ ವ್ಯರ್ಥ. ಅಷ್ಟೊಂದು ಹಳತಲ್ಲದ ಕಾರುಗಳಲ್ಲಿ ಎಂಜಿನ್ ಎಚ್ಚರಿಕೆಯ ದೀಪಕ್ಕೂ, 2012ರಿಂದೀಚೆಗಿನ ಕಾರುಗಳಲ್ಲಿ ಟಯರ್ ಗಾಳಿಯ ದೀಪಕ್ಕೂ ಇದೇ ನಿಯಮ. ಆದರೆ ಎಂಜಿನ್, ಕ್ಲಚ್, ಗೇರ್‌ಬಾಕ್ಸುಗಳ ಆರೋಗ್ಯವನ್ನು ಈ ಪರೀಕ್ಷೆ ನೋಡುವುದಿಲ್ಲ. ಪಾಸಾದ ಕಾರಿಗೆ ಸರ್ವಿಸ್ ಬೇಡವೆಂದು ತಿಳಿದವರನ್ನು ನಾನು ಕಂಡಿದ್ದೇನೆ, ಅದು ದೊಡ್ಡ ತಪ್ಪು ತಿಳಿವಳಿಕೆ.

ಕಾರಿಗೆ ಶುಲ್ಕದ ಗರಿಷ್ಠ ಮಿತಿ 54.85 ಪೌಂಡ್. ಅವಧಿ ಮುಗಿಯುವ ಒಂದು ತಿಂಗಳೊಳಗೆ ಮುಂಚಿತವಾಗಿ ಮಾಡಿಸಿದರೆ ಮುಂದಿನ ವರ್ಷದ ತಾರೀಖು ಬದಲಾಗುವುದಿಲ್ಲ, ದುರಸ್ತಿಗೆ ಸಮಯವೂ ಸಿಗುತ್ತದೆ. ಫೇಲಾದ ಕಾರನ್ನು ಅದೇ ಗ್ಯಾರೇಜಿನಲ್ಲಿ ಬಿಟ್ಟು ರಿಪೇರಿ ಮಾಡಿಸಿ ಹತ್ತು ಕೆಲಸದ ದಿನಗಳೊಳಗೆ ಮರುಪರೀಕ್ಷೆ ಮಾಡಿಸಿದರೆ ಅದಕ್ಕೆ ಹಣವಿಲ್ಲ. ನಾವು ಹಾಗೆಯೇ ಮಾಡಿದೆವು: ಎರಡು ಹೊಸ ಟಯರು, ಜೊತೆಗೆ ಅಲೈನ್‌ಮೆಂಟ್.

ಆ ರಾತ್ರಿ ಸರ್ಕಾರದ ಜಾಲತಾಣದಲ್ಲಿ ಕಾರಿನ ನಂಬರು ಕೊಟ್ಟು ಅದರ ಪರೀಕ್ಷೆಗಳ ಇತಿಹಾಸ ತೆರೆದೆ. ಯಾರು ಬೇಕಾದರೂ ಉಚಿತವಾಗಿ ನೋಡಬಹುದಾದ ದಾಖಲೆ ಅದು. ಹಿಂದಿನ ವರ್ಷದ ಸಾಲು ಅಲ್ಲಿ ಸ್ಪಷ್ಟವಾಗಿತ್ತು: ಎಡಗಡೆಯ ಮುಂದಿನ ಟಯರು ಒಳಅಂಚಿನಲ್ಲಿ ಸವೆಯುತ್ತಿದೆ. ಪಾಸಾದ ಸಂತೋಷದಲ್ಲಿ ಆ ಹಾಳೆಯನ್ನು ಮಡಚಿ ವಿಮೆಯ ಪತ್ರಗಳ ಜೊತೆ ಇಟ್ಟುಬಿಟ್ಟಿದ್ದೆ. ಮೊನ್ನೆಯ ಮರುಪರೀಕ್ಷೆಯಲ್ಲಿ ಕಾರು ಪಾಸಾಯಿತು, ಹಿಂದಿನ ಬ್ರೇಕ್ ಪೈಪಿನ ಮೇಲೆ ಸ್ವಲ್ಪ ತುಕ್ಕು ಇದೆ ಎಂಬ ಒಂದೇ ಒಂದು ಅಡ್ವೈಸರಿಯೊಂದಿಗೆ. ಆ ಹಾಳೆ ಈಗ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ, ಪೈಪು ಬದಲಾಯಿಸಲು ಮುಂದಿನ ಶನಿವಾರಕ್ಕೆ ಸಮಯ ಗೊತ್ತುಮಾಡಿದ್ದೇನೆ.